ತೋಟದ ನೀರಾವರಿಗೆ ನೀವು ಆರಿಸಿದ ಸಬ್ ಕಾಂಟ್ರಾಕ್ಟರ್ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಲ್ಯಾಂಡ್‌ಸ್ಕೇಪ್ ವಿಭಾಗ

ವಿಷಯ: ಟೆಸ್ಟ್ ಮಾಡದೆ ಮುಚ್ಚಿದ ಪೈಪ್‌ಲೈನ್ ಮತ್ತು ಉಳಿದ ನೀರಾವರಿ ಕೆಲಸದ ಲೋಪಗಳು

ಮಾನ್ಯರೇ,

ನಮ್ಮ ವಸತಿ ಸಮುಚ್ಚಯದ ತೋಟದ ಕೆಲಸವನ್ನು ನಿಮ್ಮ ಕಂಪನಿಗೆ ಒಪ್ಪಿಸಿದ್ದೆವು. ಗಿಡ, ಲಾನ್, ಕಾಲುದಾರಿ ಎಲ್ಲ ಚೆನ್ನಾಗಿ ಬಂದಿದೆ. ನಿಮ್ಮ ಮಾಲಿಗಳು ಮನಸ್ಸಿಟ್ಟು ದುಡಿದಿದ್ದಾರೆ. ಆದರೆ ನೀರಿನ ಕೆಲಸವನ್ನು ನೀವು ಬೇರೆಯವರ ಕೈಗೆ ಕೊಟ್ಟಿರಿ. ಕೆಟ್ಟಿರುವುದು ಅದೊಂದೇ. ಅದು ಕೆಟ್ಟರೆ ಉಳಿದಿದ್ದು ನಿಲ್ಲುವುದಿಲ್ಲ ಅಲ್ವಾ? ನಿಮ್ಮ ಆಫೀಸಿಗೆ ಫೋನ್ ಮಾಡಿದರೆ "ಅದು ಸಬ್ ಕಾಂಟ್ರಾಕ್ಟರ್ ಕೆಲಸ, ಅವರನ್ನೇ ಕೇಳಿ" ಅನ್ನುತ್ತಾರೆ. ಅವರು ಫೋನ್ ಎತ್ತುವುದೇ ಇಲ್ಲ. ಅದಕ್ಕೇ ಈ ಪತ್ರ.

ಮೊದಲು ನೆಲದೊಳಗಿನ ಪೈಪ್ ವಿಚಾರ. ಟ್ರೆಂಚ್ ಮುಚ್ಚುವ ಮುಂಚೆ ಲೈನ್‌ಗೆ ನೀರು ತುಂಬಿಸಬೇಕು. ಒಳಗಿನ ಗಾಳಿ ಬಿಟ್ಟು, ಒತ್ತಡ ಕೊಟ್ಟು, ಗೇಜ್‌ನ ಮುಳ್ಳು ಇಳಿಯುತ್ತದಾ ಅಂತ ಕಾದು ನೋಡಬೇಕು. ಇಲ್ಲಿ ಬೆಳಿಗ್ಗೆ ಪೈಪ್ ಅಂಟಿಸಿದರು, ಸಂಜೆಯೊಳಗೆ ಮಣ್ಣು ಎಳೆದರು. ಟೆಸ್ಟ್ ಯಾವಾಗ ಅಂತ ಕೇಳಿದ್ದಕ್ಕೆ, "ಲೀಕ್ ಆದ್ರೆ ಮೇಲೇ ಗೊತ್ತಾಗುತ್ತೆ ಸರ್" ಅಂದರು.

ಈಗ ಲಾನ್‌ನ ಒಂದು ಮೂಲೆ ಸದಾ ಕೆಸರು. ಮಾಲಿ ಅಲ್ಲಿ ಅಗೆದು ನೋಡಿದಾಗ ಎಲ್ಬೋ (ಪೈಪ್ ತಿರುಗುವ ಕಡೆ ಹಾಕುವ ಜೋಡಣೆ) ಕೈಗೇ ಕಿತ್ತು ಬಂತು. ಅಂಟಿಸುವ ಸೊಲ್ಯೂಷನ್ ಅನ್ನು ಒಂದು ಬದಿಗೆ ಮಾತ್ರ ಸವರಿದ್ದರು. ಪೈಪ್ ಎಲ್ಬೋದೊಳಗೆ ಅರ್ಧಕ್ಕೂ ಹೋಗಿರಲಿಲ್ಲ. ಕೊಯ್ದ ಅಂಚಿನ ಸಿಬಿರನ್ನೂ ಕೆರೆದು ತೆಗೆದಿರಲಿಲ್ಲ. ಪೈಪಿನ ಕೆಳಗೆ ಮುಷ್ಟಿ ಗಾತ್ರದ ಕಲ್ಲುಗಳು. ಮೇಲಿನ ಮಣ್ಣು ಕೂತ ಹಾಗೆಲ್ಲ ಪೈಪ್ ಆ ಕಲ್ಲುಗಳ ಮೇಲೆ ಒತ್ತಿಕೊಳ್ಳುತ್ತದೆ. ಪೈಪ್ ಸುತ್ತ ಮರಳು ಅಥವಾ ಕಲ್ಲಿಲ್ಲದ ಮಣ್ಣು ಹಾಕಬೇಕು ಅನ್ನುವುದು ಈ ಕೆಲಸದವರಿಗೆ ಹೊಸ ವಿಷಯವೇನಲ್ಲ. ನಾವು ನೋಡಿದ್ದು ಒಂದು ಜಾಯಿಂಟ್ ಮಾತ್ರ. ಉಳಿದವು ಎಲ್ಲಿವೆ ಅಂತ ತಿಳಿಯಲು ಒಂದು ನಕ್ಷೆಯನ್ನೂ ಕೊಟ್ಟಿಲ್ಲ.

ಸ್ಪ್ರಿಂಕ್ಲರ್ ಕಥೆ ಇನ್ನೊಂದು. ಒಂದೇ ವಾಲ್ವ್‌ಗೆ, ತಿರುಗದೆ ನೀರು ಚಿಮ್ಮುವ ಸ್ಪ್ರೇ ಹೆಡ್‌ಗಳನ್ನೂ ತಿರುಗುತ್ತಾ ದೂರಕ್ಕೆ ನೀರು ಎರಚುವ ರೋಟರ್‌ಗಳನ್ನೂ ಸೇರಿಸಿದ್ದಾರೆ. ಸ್ಪ್ರೇ ಹೆಡ್‌ಗೆ ಸುಮಾರು 2 ಬಾರ್ ಒತ್ತಡ ಸಾಕು, ರೋಟರ್‌ಗೆ 3 ಬಾರ್ ಆದರೂ ಬೇಕು. ಸಾಮಾನ್ಯ ಸ್ಪ್ರೇ ಹೆಡ್ ಗಂಟೆಗೆ 40 ಮಿ.ಮೀ. ಆಸುಪಾಸು ನೀರು ಸುರಿದರೆ, ರೋಟರ್ ಅದರ ಮೂರನೇ ಒಂದು ಭಾಗ ಕೊಟ್ಟರೆ ಹೆಚ್ಚು. ಎರಡೂ ಒಂದೇ ಹೊತ್ತು ಓಡಿದರೆ ಒಂದು ಕಡೆ ನೀರು ನಿಲ್ಲುತ್ತದೆ, ಇನ್ನೊಂದು ಕಡೆ ಹುಲ್ಲು ಒಣಗುತ್ತದೆ. ಒಂದು ಹೆಡ್‌ನ ನೀರು ಪಕ್ಕದ ಹೆಡ್‌ನ ಬುಡ ಮುಟ್ಟುವಷ್ಟು ಹತ್ತಿರ ಕೂರಿಸಬೇಕಿತ್ತು. ಹೆಡ್ ಉಳಿಸೋಕೆ ದೂರ ದೂರ ಕೂರಿಸಿದ್ದಾರೆ. ಮಧ್ಯದಲ್ಲಿ ಹಳದಿ ತೇಪೆಗಳು ಎದ್ದಿವೆ. "ಟೈಮ್ ಜಾಸ್ತಿ ಇಡಿ" ಅಂತ ನಿಮ್ಮ ಸೈಟ್ ಎಂಜಿನಿಯರ್ ಹೇಳಿ ಹೋದರು. ಹಾಗೆ ಮಾಡಿದರೆ ಈಗಾಗಲೇ ಕೆಸರಾಗಿರುವ ಜಾಗ ಇನ್ನೂ ಕೊಳೆಯುತ್ತದೆ ಅಷ್ಟೇ.

ಡ್ರಿಪ್ ಲೈನ್‌ಗೆ ಫಿಲ್ಟರ್ ಇಲ್ಲ, ಒತ್ತಡ ತಗ್ಗಿಸುವ ರೆಗ್ಯುಲೇಟರೂ ಇಲ್ಲ. ಡ್ರಿಪ್ಪರ್‌ಗಳು ಆಗಲೇ ಕಟ್ಟಿಕೊಳ್ಳುತ್ತಿವೆ. ವಾಲ್ವ್ ಬಾಕ್ಸ್‌ನಲ್ಲಿ ವೈರ್‌ಗಳನ್ನು ಹೊಸೆದು ಬರೀ ಇನ್ಸುಲೇಷನ್ ಟೇಪ್ ಸುತ್ತಿದ್ದಾರೆ. ಬಾಕ್ಸ್‌ನೊಳಗೆ ನೀರು ನಿಲ್ಲುತ್ತದೆ. ಅಲ್ಲಿ ಜೆಲ್ ತುಂಬಿದ ವಾಟರ್‌ಪ್ರೂಫ್ ಕನೆಕ್ಟರ್ ಬೇಕೇ ಬೇಕು.

ನಮಗೆ ಹೆಚ್ಚು ನೋವಾಗಿರುವುದು ಒಂದು ವಿಷಯಕ್ಕೆ. ಇವರನ್ನು ಯಾಕೆ ಆರಿಸಿದಿರಿ ಅಂತ ಕೇಳಿದರೆ "ಅವರ ರೇಟ್ ಕಡಿಮೆ ಇತ್ತು" ಅನ್ನುವುದು ಬಿಟ್ಟು ಬೇರೆ ಉತ್ತರವೇ ಬರಲಿಲ್ಲ. ಕೊಟೇಶನ್ ಕೊಡುವ ಮುಂಚೆ ಅವರು ಪಂಪ್ ಹತ್ತಿರ ಗೇಜ್ ಹಿಡಿದು ಒತ್ತಡ ನೋಡಲಿಲ್ಲ. ನಿಮಿಷಕ್ಕೆ ಎಷ್ಟು ಲೀಟರ್ ನೀರು ಬರುತ್ತದೆ ಅಂತಲೂ ಅಳೆಯಲಿಲ್ಲ. ಅದನ್ನು ಅಳೆಯದೆ ಒಂದು ವಾಲ್ವ್‌ಗೆ ಎಷ್ಟು ಹೆಡ್ ಹಾಕಬಹುದು, ಪೈಪ್ ಎಷ್ಟು ದಪ್ಪ ಇರಬೇಕು ಅಂತ ಲೆಕ್ಕ ಹಾಕೋಕೆ ಆಗುವುದಿಲ್ಲ. ಆ ದಿನವೇ ನಿಮಗೆ ಅನುಮಾನ ಬರಬೇಕಿತ್ತು. ಕೊಟೇಶನ್ ಕೊಟ್ಟವರು ಒಬ್ಬರು, ಅಗೆಯಲು ಬಂದವರು ಇನ್ಯಾರೋ. ಅವರ ಮೇಲೆ ನಿಮ್ಮ ಕಡೆಯಿಂದ ಉಸ್ತುವಾರಿಗೆ ಯಾರೂ ಇರಲಿಲ್ಲ.

ಅವರ ಹಳೆಯ ಕೆಲಸವನ್ನು ನೀವು ನೋಡಿದ್ದಿರಾ? ಫೋಟೋ ಸಾಲದು. ಹೊಸ ತೋಟ ಫೋಟೋದಲ್ಲಿ ಯಾವಾಗಲೂ ಹಸಿರೇ. ಒಂದೆರಡು ವರ್ಷ ಹಿಂದೆ ಮುಗಿಸಿದ ಜಾಗಕ್ಕೆ ಹೋಗಿ, ಅಲ್ಲಿನ ಮಾಲಿಯನ್ನು ಮಾತಾಡಿಸಬೇಕು. ಯಾವ ವಾಲ್ವ್ ಸಿಕ್ಕಿಕೊಳ್ಳುತ್ತದೆ, ಕರೆದರೆ ರಿಪೇರಿಗೆ ಬರುತ್ತಾರಾ ಅನ್ನುವುದು ಆ ಮಾಲಿಗೇ ಚೆನ್ನಾಗಿ ಗೊತ್ತಿರುತ್ತದೆ.

ನಮ್ಮ ಒಪ್ಪಂದ ಇರುವುದು ನಿಮ್ಮ ಜೊತೆ, ಅವರ ಜೊತೆ ಅಲ್ಲ. ಹಾಗಾಗಿ ಇದನ್ನು ಸರಿಪಡಿಸಬೇಕಾದವರು ನೀವು. ಈ ಪತ್ರ ತಲುಪಿದ 15 ದಿನದೊಳಗೆ ನಿಮ್ಮ ಎಂಜಿನಿಯರ್ ಬಂದು, ನಮ್ಮೆದುರಿಗೇ ಪ್ರತಿ ಲೈನ್‌ಗೂ ಪ್ರೆಷರ್ ಟೆಸ್ಟ್ ಮಾಡಬೇಕು. ಒತ್ತಡ ನಿಲ್ಲದ ಲೈನ್ ಅನ್ನು ತೆರೆದು ಮತ್ತೆ ಜೋಡಿಸಬೇಕು. ಸ್ಪ್ರೇಗೆ ಬೇರೆ ವಾಲ್ವ್, ರೋಟರ್‌ಗೆ ಬೇರೆ ವಾಲ್ವ್ ಆಗಬೇಕು. ಮೇಲೆ ಹೇಳಿದ ಫಿಲ್ಟರ್, ರೆಗ್ಯುಲೇಟರ್, ಕನೆಕ್ಟರ್‌ಗಳನ್ನು ಹಾಕಿ, ಪೈಪ್ ಮತ್ತು ವಾಲ್ವ್ ನಿಜವಾಗಿ ಇರುವ ಜಾಗ ತೋರಿಸುವ ನಕ್ಷೆ ಕೊಡಬೇಕು. ಒಣಗಿದ ಹುಲ್ಲಿನ ಜಾಗದಲ್ಲಿ ಹೊಸ ಹುಲ್ಲು ಕೂರಿಸುವ ಖರ್ಚೂ ನಿಮ್ಮದೇ.

ಅದೇ ತಂಡವನ್ನು ದಯವಿಟ್ಟು ಮತ್ತೆ ಕಳಿಸಬೇಡಿ. ಹೊಸಬರನ್ನು ಗೊತ್ತು ಮಾಡುವ ಮುಂಚೆ ಅವರು ಮುಗಿಸಿದ ಎರಡು ತೋಟಗಳ ವಿಳಾಸ ಕೊಡಿ. ನಿಮ್ಮ ಜೊತೆ ನಾವೂ ಬಂದು ನೋಡುತ್ತೇವೆ. ಟೆಸ್ಟ್ ಪಾಸಾಗಿ, ನಕ್ಷೆ ಕೈಗೆ ಬರುವವರೆಗೆ ಕೊನೆಯ ಕಂತನ್ನು ನಾವು ಕೊಡುವುದಿಲ್ಲ. ಕಿತ್ತು ಬಂದ ಎಲ್ಬೋ, ವಾಲ್ವ್ ಬಾಕ್ಸ್ ಮತ್ತು ಒಣಗಿದ ಲಾನ್‌ನ ಫೋಟೋಗಳನ್ನು ಇದರ ಜೊತೆ ಲಗತ್ತಿಸಿದ್ದೇವೆ. ಎಲ್ಬೋವನ್ನು ತೆಗೆದಿಟ್ಟಿದ್ದೇವೆ, ಬಂದಾಗ ನೋಡಬಹುದು.

ಇತಿ,
ಕಾರ್ಯದರ್ಶಿ,
ನಿವಾಸಿಗಳ ತೋಟ ಸಮಿತಿ