ಅತ್ತೆಯವರ ಕಡೆ ಒಂದು ಕಣ್ಣಿರಲಿ

ಹಾಸನ
ಮಾರ್ಚ್ 2023

ಚಿ. ಸೌ. ಶ್ವೇತಾಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ.

ಫೋನಿನಲ್ಲಿ ಈ ಫ್ಲೂ ಜ್ವರದ ಬಗ್ಗೆ ಒಂದೇ ಉಸಿರಿಗೆ ಅಷ್ಟೊಂದು ಪ್ರಶ್ನೆ ಕೇಳಿದೆ. ಅರ್ಧಕ್ಕೆ ಉತ್ತರ ಹೇಳುವಷ್ಟರಲ್ಲಿ ಪುಟ್ಟ ಎದ್ದ, ನೀನು ಫೋನ್ ಇಟ್ಟೆ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ನಿಧಾನವಾಗಿ ಓದಿಕೊ.

ಹೆಚ್3ಎನ್2 ಅನ್ನುವ ಫ್ಲೂನಿಂದ ಒಬ್ಬರು ತೀರಿಕೊಂಡರು ಅಂತ ಟಿವಿಯಲ್ಲಿ ನಮ್ಮ ಆಲೂರಿನ ಹೆಸರು ಬಂದಿದ್ದಕ್ಕೆ ನಿನಗೆ ಜಾಸ್ತಿ ಗಾಬರಿ, ಅಲ್ವಾ? ತೀರಿಕೊಂಡವರಿಗೆ 82 ವರ್ಷ. ಸಕ್ಕರೆ ಕಾಯಿಲೆ ಇತ್ತು, ಬಿಪಿ ಇತ್ತು. ಹೆಚ್3ಎನ್2 ಅನ್ನುವ ಹೆಸರನ್ನು ದೊಡ್ಡಕ್ಷರದಲ್ಲಿ ತೋರಿಸಿದರು, ಈ ಸಂಗತಿಗಳನ್ನು ಕೊನೆಯಲ್ಲಿ ಸಣ್ಣದಾಗಿ ಹೇಳಿದರು. ನೀನು ಗಮನ ಕೊಡಬೇಕಾದದ್ದು ಇವಕ್ಕೇ. ನಿಮ್ಮ ಮನೆಯಲ್ಲೂ 70 ದಾಟಿದ, ಶುಗರ್ ಇರುವ ಒಬ್ಬರಿದ್ದಾರೆ. ನೀನು ಮಾತಾಡಿದ್ದೆಲ್ಲ ಪುಟ್ಟನ ಬಗ್ಗೆ. ನನಗೆ ಚಿಂತೆ ನಿನ್ನ ಅತ್ತೆಯವರದು.

ಇದು ಹೊಸ ಕಾಯಿಲೆಯಾ ಅಂತ ಕೇಳಿದೆ. ಹೊಸದೇನಲ್ಲ. ಹೆಚ್3ಎನ್2 ಹಾಂಗ್‌ಕಾಂಗ್‌ನಲ್ಲಿ ಕಾಣಿಸಿಕೊಂಡು ಲೋಕಕ್ಕೆಲ್ಲ ಹರಡಿದ್ದು 1968ರಲ್ಲಿ. ನಾನಾಗ ಸ್ಕೂಲಿಗೆ ಹೋಗುತ್ತಿದ್ದೆ. ಅವತ್ತಿನಿಂದ ಸ್ವಲ್ಪ ಸ್ವಲ್ಪ ಬದಲಾಗುತ್ತಾ ಬರುತ್ತಲೇ ಇದೆ. ನಮ್ಮ ದೇಶದಲ್ಲಿ ಫ್ಲೂ ವರ್ಷಕ್ಕೆ ಎರಡು ಸಲ ಜೋರಾಗುತ್ತದೆ, ಜನವರಿಯಿಂದ ಮಾರ್ಚ್ ತನಕ ಒಮ್ಮೆ, ಮಳೆಗಾಲ ಮುಗಿಯುವ ಹೊತ್ತಿಗೆ ಇನ್ನೊಮ್ಮೆ. ಈ ಸಲ ಈ ತಳಿಯ ಕಾಟ ಹೆಚ್ಚು, ಅಷ್ಟೇ. 2009ರ ಹೆಚ್1ಎನ್1 ಮಾತ್ರ ನಿಜಕ್ಕೂ ಹೊಸದಾಗಿತ್ತು. ಆಗ ನಾನಿನ್ನೂ ಆಸ್ಪತ್ರೆ ಡ್ಯೂಟಿಯಲ್ಲಿದ್ದೆ. ಹಂದಿ ಜ್ವರ ಅಂತ ಹೆಸರು ಬಿತ್ತು, ಜನ ಹಂದಿ ಮಾಂಸ ಬಿಟ್ಟರು. ತಿಂದರೆ ಬರುವ ಕಾಯಿಲೆಯೇ ಅಲ್ಲ ಅದು! ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಿರಿ ಅಂದರೆ ಮಾತ್ರ ಯಾರೂ ಕೇಳಲಿಲ್ಲ. ಅದೂ ಈಗ ವರ್ಷವರ್ಷ ಬರುವ ಫ್ಲೂಗಳ ಸಾಲಿಗೆ ಸೇರಿಕೊಂಡಿದೆ.

ಇದು ಫ್ಲೂನಾ ಕೊರೊನಾನಾ ಅಂತ ಮುಖ ನೋಡಿ ಹೇಳಲಾಗುವುದಿಲ್ಲ, ಟೆಸ್ಟೇ ಮಾಡಿಸಬೇಕು. ಕೊರೊನಾ ಲಸಿಕೆ ಫ್ಲೂಗೆ ಕೆಲಸ ಮಾಡುವುದಿಲ್ಲ.

ಈಗ ಮಾತ್ರೆಯ ವಿಷಯ. ಪುಟ್ಟನ ಕೆಮ್ಮಿಗೆ ಮೆಡಿಕಲ್ ಶಾಪಿನಲ್ಲಿ ಅಜಿಥ್ರೋಮೈಸಿನ್ ಕೇಳಿ ತರಲಾ ಅಂದೆಯಲ್ಲ, ಖಂಡಿತ ಬೇಡ. ಅದು ಆ್ಯಂಟಿಬಯೋಟಿಕ್, ಅಂದರೆ ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ. ಫ್ಲೂ ವೈರಸ್‌ಗೆ ಅದು ಏನೂ ಮಾಡುವುದಿಲ್ಲ. ಭಾರತೀಯ ವೈದ್ಯಕೀಯ ಸಂಘದವರೂ ಈ ತಿಂಗಳು ಇದನ್ನೇ ಹೇಳಿದ್ದಾರೆ. ಜನ ಎರಡು ದಿನ ನುಂಗಿ, ಸ್ವಲ್ಪ ವಾಸಿ ಅನಿಸಿದರೆ ಬಿಟ್ಟುಬಿಡುತ್ತಾರೆ. ಮುಂದೆ ನಿಜವಾಗಿ ಬೇಕಾದಾಗ ಆ ಮಾತ್ರೆ ನಾಟುವುದಿಲ್ಲ. ಈ ಫ್ಲೂನಲ್ಲಿ ಜ್ವರ ಸಾಮಾನ್ಯವಾಗಿ ಮೂರು ದಿನಕ್ಕೆ ಇಳಿಯುತ್ತದೆ, ಕೆಮ್ಮು ಮೂರು ವಾರದ ತನಕ ಎಳೆಯಬಹುದು. ಕೆಮ್ಮು ಹೋಗಲಿಲ್ಲ ಅಂತ ದಿನಕ್ಕೊಂದು ಸಿರಪ್ ಬದಲಾಯಿಸಬೇಡ. ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು, ಮಗುವಿನ ತೂಕ ನೋಡಿ ಡಾಕ್ಟರ್ ಹೇಳಿದಷ್ಟು. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು. ಕಷಾಯ ಮಾಡಿಕೊಡು, ಗಂಟಲಿಗೆ ಹಿತ. ಆದರೆ ಅದರಿಂದಲೇ ವಾಸಿಯಾಯಿತು ಅಂತ ವಾಟ್ಸಾಪಿನಲ್ಲಿ ಹಾಕಬೇಡ. ಹಬೆ ತೆಗೆದುಕೊಳ್ಳುವ ಬಿಸಿನೀರಿನ ಪಾತ್ರೆ ಪುಟ್ಟನ ಹತ್ತಿರವೂ ಬರಬಾರದು. ಹಾಗೆ ಸುಟ್ಟುಕೊಂಡು ಬಂದ ಮಕ್ಕಳನ್ನು ವಾರ್ಡಿನಲ್ಲಿ ನೋಡಿದ್ದೇನೆ.

ಫ್ಲೂಗೆ ಅಂತಲೇ ಒಂದು ಔಷಧಿ ಇದೆ, ಒಸೆಲ್ಟಾಮಿವಿರ್. ಜ್ವರ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ದುಡ್ಡಿಲ್ಲದೆ ಕೊಡುತ್ತಾರೆ. ಎಲ್ಲರಿಗೂ ಬೇಕಾಗುವುದಿಲ್ಲ, ಡಾಕ್ಟರೇ ಬರೆಯಬೇಕು. ಅತ್ತೆಯವರ ವಿಷಯದಲ್ಲಿ ಎಚ್ಚರವಾಗಿರು ಅನ್ನುವುದು ಇದಕ್ಕೇ. ಅವರಿಗೆ ಮೈ ಬಿಸಿಯಾದರೆ ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. "ನಂಗೇನೂ ಆಗಿಲ್ಲ, ಸುಮ್ನೆ ಮಲಗಿದ್ರೆ ಹೋಗುತ್ತೆ" ಅಂತಾರೆ. ಕೇಳಬೇಡ. ವಯಸ್ಸಾದವರಿಗೆ ಎಷ್ಟೋ ಸಲ ಜ್ವರವೇ ಕಾಣಿಸುವುದಿಲ್ಲ, ಬದಲಿಗೆ ಊಟ ಸೇರುವುದಿಲ್ಲ, ಮಂಪರು ಇರುತ್ತದೆ, ಮಾತು ಗೊಂದಲವಾಗುತ್ತದೆ. ಉಸಿರಾಡಲು ಕಷ್ಟವಾದರೆ, ಎದೆ ನೋವು ಬಂದರೆ, ಕೊರೊನಾ ಕಾಲದಲ್ಲಿ ತಂದಿಟ್ಟ, ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೆ, ಎಷ್ಟು ಹೊತ್ತಾದರೂ ಸರಿ, ನೇರ ಆಸ್ಪತ್ರೆಗೆ. ಇಳಿದ ಜ್ವರ ಎರಡು ದಿನ ಬಿಟ್ಟು ಮತ್ತೆ ಏರಿದರೂ ಹಾಗೇ. ಅದು ನ್ಯುಮೋನಿಯಾ ಇರಬಹುದು, ಆ್ಯಂಟಿಬಯೋಟಿಕ್ ನಿಜವಾಗಿ ಬೇಕಾಗುವುದು ಅಲ್ಲಿ. ಪುಟ್ಟನಿಗೆ ಪಕ್ಕೆ ಒಳಕ್ಕೆ ಎಳೆಯುವುದು, ಎಂಟು ಗಂಟೆಯಾದರೂ ಉಚ್ಚೆ ಹೊಯ್ಯದಿರುವುದು ಕಂಡರೆ ಕಾಯಬೇಡ.

ಪುಟ್ಟ ರಾತ್ರಿ ಅಜ್ಜಿಯ ಪಕ್ಕದಲ್ಲೇ ಮಲಗುತ್ತಾನೆ ಅಂದಿದ್ದೆ. ಜ್ವರ ಶುರುವಾದ ದಿನದಿಂದ ಒಂದು ವಾರ, ಹತ್ತು ದಿನ ಅವನು ನಿಮ್ಮ ಕೋಣೆಯಲ್ಲಿ ಮಲಗಲಿ. ಮಕ್ಕಳಿಂದ ವೈರಸ್ ದೊಡ್ಡವರಿಗಿಂತ ಜಾಸ್ತಿ ದಿನ ಹರಡುತ್ತದೆ. ಅತ್ತೆಯವರು ಮುನಿಸಿಕೊಳ್ಳುತ್ತಾರೆ, ನನ್ನ ಹೆಸರು ಹೇಳು. ಕಿಟಕಿ ತೆಗೆದಿಡು. ಅವರಿಗೆ ಊಟ ಬಡಿಸುವ ಮುಂಚೆ ಸೋಪು ಹಾಕಿ ಕೈ ತೊಳೆ. ನಿನಗೇ ಕೆಮ್ಮಿದ್ದರೆ ಮಾಸ್ಕ್ ಹಾಕಿಕೊ. ಮಾತ್ರೆ ಇಲ್ಲದೆ ಒಂದು ಇಡೀ ದಿನ ಜ್ವರ ಬರದಿದ್ದರೆ ಮಾತ್ರ ಪುಟ್ಟನನ್ನು ಸ್ಕೂಲಿಗೆ ಕಳಿಸು.

ಫ್ಲೂ ಲಸಿಕೆಯನ್ನು ವರ್ಷವರ್ಷ ಹಾಕಿಸಬೇಕು. ವೈರಸ್ ಬದಲಾಗುವುದರಿಂದ ವಿಶ್ವ ಆರೋಗ್ಯ ಸಂಸ್ಥೆಯವರು ವರ್ಷಕ್ಕೆ ಎರಡು ಸಲ ಕೂತು ಅದರಲ್ಲಿ ಯಾವ ಯಾವ ತಳಿ ಇರಬೇಕು ಅಂತ ಆರಿಸುತ್ತಾರೆ. ಹಾಕಿಸಿಕೊಂಡವರಿಗೂ ಫ್ಲೂ ಬರಬಹುದು, ಆದರೆ ಆಸ್ಪತ್ರೆ ಸೇರುವಷ್ಟು ಜೋರಾಗುವುದು ಕಡಿಮೆ. ಮೈಗೆ ಹಿಡಿಯಲು ಎರಡು ವಾರ ಬೇಕು. ಈಗ ಹುಷಾರಾಗಿದ್ದರೆ ಅತ್ತೆಯವರಿಗೆ ಡಾಕ್ಟರನ್ನು ಕೇಳಿ ಹಾಕಿಸಿಬಿಡು. ಪುಟ್ಟನಿಗೆ ಇದೇ ಮೊದಲ ಸಲವಾದ್ದರಿಂದ ತಿಂಗಳ ಅಂತರದಲ್ಲಿ ಎರಡು ಡೋಸ್. ಖಾಸಗಿಯಲ್ಲಿ ದುಡ್ಡು ಕೊಡಬೇಕು, ಅದಕ್ಕೆ ಹಿಂದೆಮುಂದೆ ನೋಡಬೇಡ.

22ಕ್ಕೆ ಯುಗಾದಿ. ಮನೆಯಲ್ಲಿ ಯಾರಿಗಾದರೂ ಜ್ವರ ಇದ್ದರೆ ಬಸ್ ಹತ್ತಬೇಡಿ. ನಿನ್ನ ತಮ್ಮನ ಕೈಲಿ ಹೋಳಿಗೆ ಕಳಿಸುತ್ತೇನೆ. ಅತ್ತೆಯವರಿಗೆ ಒಂದೇ ಒಂದು ಕೊಡು, ಎರಡನೆಯದು ಕೇಳಿದರೆ ಶುಗರ್ ನೆನಪಿಸು.

ಇಂತಿ ನಿನ್ನ
ದೊಡ್ಡಮ್ಮ