ಹೊಳೆಗೆ ಕಯಾಕ್ ಇಳಿಸುವ ಮೊದಲು

ಪ್ರೀತಿಯ ಮಾಣಿಗೆ ಮಾವನ ಆಶೀರ್ವಾದಗಳು.

ನಿನ್ನ ಅಮ್ಮ ಫೋನಿನಲ್ಲಿ ವಿಷಯ ಹೇಳಿದಳು. ಕಯಾಕ್ ಅನ್ನುವ ಸಣ್ಣ ಹುಟ್ಟುದೋಣಿ ತಗೊಂಡಿದ್ದೀಯಂತೆ. ಡಿಸೆಂಬರ್ ರಜೆಗೆ ಅದನ್ನು ಕಾರಿನ ಮೇಲೆ ಕಟ್ಟಿಕೊಂಡು ಕುಂದಾಪುರಕ್ಕೆ ಬರುತ್ತೀಯಂತೆ, ಹೊಳೆಯಲ್ಲಿ ಗಾಳ ಹಾಕುತ್ತೀಯಂತೆ. ಅವಳಿಗೆ ಹೆದರಿಕೆ, ನನಗೆ ಖುಷಿ. ಫೋಟೋದಲ್ಲಿ ದೋಣಿಯ ತಳದ ತೂತು ನೋಡಿ ಅವಳ ಹೆದರಿಕೆ ಇನ್ನೂ ಜಾಸ್ತಿಯಾಗಿದೆ. ಮೇಲೆ ಕೂರುವ ಜಾತಿಯ ಕಯಾಕ್‌ಗೆ ಆ ತೂತು ಇರಲೇಬೇಕು, ಒಳಗೆ ಬಿದ್ದ ನೀರು ಅಲ್ಲಿಂದಲೇ ಹೊರಗೆ ಹೋಗುತ್ತದೆ ಅಂತ ಹೇಳಿದ್ದೇನೆ. ನಂಬಿದ ಹಾಗೆ ಕಾಣಲಿಲ್ಲ.

ನೀನು ಆರಿಸಿದ್ದು ಸರಿಯಾದ ಜಾತಿಯೇ. ಮಗುಚಿದರೆ ತಿರುಗಿಸಿ ಮತ್ತೆ ಹತ್ತಬಹುದು. ಒಳಗೆ ಕಾಲು ತೂರಿಸಿ ಕೂರುವ ಕಯಾಕ್ ನೀರು ತುಂಬಿಕೊಂಡರೆ ಒಬ್ಬನೇ ಸಂಭಾಳಿಸುವುದು ಬಹಳ ಕಷ್ಟ. ಆದರೆ ಮತ್ತೆ ಹತ್ತುವುದನ್ನು ಬರುವ ಮೊದಲೇ ಅಭ್ಯಾಸ ಮಾಡು. ಬೇಕಂತಲೇ ಮಗುಚಿ, ಲೈಫ್ ಜಾಕೆಟ್ ಹಾಕಿಕೊಂಡೇ ಹತ್ತಿ ನೋಡು. ಮೊದಲು ಹೊಟ್ಟೆ ಮೇಲೆ ಮಲಗಿ ಎಳೆದುಕೊಳ್ಳಬೇಕು, ಆಮೇಲೆ ತಿರುಗಿ ಕೂರಬೇಕು. ಇದು ಬರದಿದ್ದರೆ ಗಾಳದ ರಾಡು ರೀಲು ಎಲ್ಲ ಕಾರಿನಲ್ಲೇ ಇರಲಿ.

ಈಗ ಮುಖ್ಯ ವಿಷಯ. ನೀನು ಕಲಿತದ್ದು ಕೆರೆಯಲ್ಲಿ. ಕೆರೆ ನೀರು ನಿಂತಲ್ಲೇ ಇರುತ್ತದೆ. ನಮ್ಮ ಪಂಚಗಂಗಾವಳಿಯ ನೀರು ದಿನಕ್ಕೆ ಹೆಚ್ಚುಕಡಿಮೆ ನಾಲ್ಕು ಸಲ ದಿಕ್ಕು ಬದಲಿಸುತ್ತದೆ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ, ಈ ಐದು ಹೊಳೆಗಳು ಸೇರಿ ಗಂಗೊಳ್ಳಿ ಅಳಿವೆಯಲ್ಲಿ ಸಮುದ್ರಕ್ಕೆ ಬೀಳುತ್ತವೆ. ಉಬ್ಬರದಲ್ಲಿ ಅದೇ ಅಳಿವೆಯಿಂದ ಸಮುದ್ರ ಒಳಗೆ ಬರುತ್ತದೆ. ಇಲ್ಲಿ ಮೀನು ಸಿಗುವುದೂ, ನೀನು ಸುಖವಾಗಿ ಮನೆಗೆ ಬರುವುದೂ ಉಬ್ಬರ ಇಳಿತದ ಮೇಲೆ ನಿಂತಿದೆ. ಗಾಳ, ಹುರಿ, ಮಿನುಗುವ ಪ್ಲಾಸ್ಟಿಕ್ ಮೀನು ಎಲ್ಲ ಆಮೇಲಿನ ಮಾತು.

ಲೆಕ್ಕ ಸುಲಭ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇವತ್ತು ಬೆಳಿಗ್ಗೆ 6ಕ್ಕೆ ತುಂಬಿದ್ದರೆ ನಾಳೆ 7ರ ಹತ್ತಿರ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಜಾಸ್ತಿ ಏರಿ ಜಾಸ್ತಿ ಇಳಿಯುತ್ತದೆ, ಸೆಳೆತವೂ ಜೋರು. ಅಷ್ಟಮಿ ಹೊತ್ತಿಗೆ ಸೌಮ್ಯ. ಮೊದಲ ಸಲ ಇಳಿಯುವುದಕ್ಕೆ ಅಷ್ಟಮಿಯ ದಿನಗಳನ್ನೇ ಹಿಡಿ. ಮನೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿದರೆ ಸಾಕು. ಗಂಟೆ ನಿಮಿಷ ಬೇಕಾದರೆ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಉಬ್ಬರ, ಅಲೆ, ಗಾಳಿಯ ಮುನ್ಸೂಚನೆ ಕೊಡುತ್ತದೆ. ಆದರೆ ಅಳಿವೆಯಲ್ಲಿ ತುಂಬಿದ ಹೊತ್ತಿಗೇ ಒಳಗಿನ ಹೊಳೆ ತುಂಬುವುದಿಲ್ಲ. ಮೇಲೆ ಹೋದಷ್ಟು ತಡ. ಮೊದಲ ದಿನ ದಡದಲ್ಲಿ ಒಂದು ಕೋಲು ನೆಟ್ಟು ನೀರು ಏರುವುದನ್ನು ನೋಡಿಕೊಂಡು ಕೂರು. ಬೇಜಾರು ಅನ್ನಿಸಬಹುದು, ಆದರೂ ಕೂರು.

ಉಬ್ಬರ ಶುರುವಾದಾಗ ಅದರ ಜೊತೆ ಒಳಗೆ ಹೋಗು. ಇಳಿತ ಹಿಡಿದಾಗ ಅದರ ಜೊತೆ ವಾಪಸ್ ಬಾ. ಆದರೆ ಇಳಿತದ ಕೊನೆಯ ತನಕ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಸಣ್ಣ ಕವಲಿನಲ್ಲಿ ಕೂತರೆ ಕೆಸರಿನಲ್ಲಿ ಸಿಕ್ಕಿಬೀಳುತ್ತೀಯ. ಇಳಿದು ತಳ್ಳುತ್ತೇನೆ ಅಂದರೆ ತೊಡೆ ತನಕ ಹೂತುಹೋಗುತ್ತದೆ. ಆಮೇಲೆ ಮುಂದಿನ ಉಬ್ಬರಕ್ಕೆ ಸುಮ್ನೆ ಕಾಯಬೇಕು, ಸೊಳ್ಳೆ ಹೊಡೆಯುತ್ತಾ.

ಅಳಿವೆ ಬಾಯಿಗೆ ಹೋಗಲೇಬೇಡ. ಇದರಲ್ಲಿ ಚರ್ಚೆ ಇಲ್ಲ. ಇಳಿತದ ನೀರು ಹೊರಗೆ ಓಡುವಾಗ ಸಮುದ್ರದ ಅಲೆ ಎದುರಿಗೆ ಬಂದು ಅಲ್ಲೇ ಎದ್ದು ಒಡೆಯುತ್ತದೆ. ಜೊತೆಗೆ ಗಂಗೊಳ್ಳಿ ಬಂದರಿನ ದೊಡ್ಡ ಬೋಟುಗಳ ಓಡಾಟ. ಅವರಿಗೆ ನಿನ್ನ ತಲೆ ಕಾಣುವುದಿಲ್ಲ. ಹನ್ನೊಂದು ಗಂಟೆ ಆಯಿತೆಂದರೆ ಕಡಲಗಾಳಿ ಏಳುತ್ತದೆ, ಅಷ್ಟರಲ್ಲಿ ದಡದಲ್ಲಿರು. ಮಳೆಗಾಲದ ಮಾತೇ ಬೇಡ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟುಗಳಿಗೇ ಮೀನುಗಾರಿಕೆ ನಿಷೇಧ. ಅದು ಹುಟ್ಟು ಹಾಕುವ ದೋಣಿಗೆ ಅಲ್ಲ ಅಂತ ನೀನು ವಾದ ಮಾಡಬಹುದು. ಆಗಿನ ಕೆಂಪು ನೀರಿನ ಹತ್ತಿರ ವಾದ ನಡೆಯುವುದಿಲ್ಲ.

ಲಂಗರಿನ ಬಗ್ಗೆ ಒಂದು ಮಾತು. ಹರಿಯುವ ನೀರಿನಲ್ಲಿ ಕಯಾಕ್‌ನ ಪಕ್ಕಕ್ಕೆ ಲಂಗರು ಕಟ್ಟಿದರೆ ಸೆಳೆತ ಆ ಪಕ್ಕವನ್ನು ಕೆಳಗೆ ಎಳೆದು ಮಗುಚಿಬಿಡುತ್ತದೆ. ಯಾವಾಗಲೂ ಮೂತಿಗೆ ಇಲ್ಲ ಹಿಂಬದಿಗೆ, ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕಿ ಕಟ್ಟು. ಕೈಗೆ ಸಿಗುವ ಹಾಗೆ ಚಾಕು ಇರಲಿ. ಹುಟ್ಟಿಗೆ ಒಂದು ದಾರ, ಜಾಕೆಟ್ಟಿಗೆ ಒಂದು ಸೀಟಿ, ಫೋನಿಗೆ ನೀರು ಹೋಗದ ಚೀಲ. ಇಷ್ಟೇ.

ಇನ್ನು ಗಾಳ. ಎರಡು ರಾಡು ಸಾಕು, ಆರೂವರೆ ಏಳು ಅಡಿಯವು. ಅಂಗಡಿಯವನು ಐದು ಮಾರಲು ನೋಡುತ್ತಾನೆ. ಒಂದು ತೆಳು ರಾಡು ಕಾಣೆಗೆ. ಕಾಣೆ ಮರಳು ತಳದ ಮೀನು, ಬಲೆ ಬಂದರೆ ಮರಳಿನಲ್ಲಿ ಹೂತುಕೊಳ್ಳುವಷ್ಟು ಜಾಣ. ಸಣ್ಣ ಗಾಳ, ಸ್ವಲ್ಪ ಸೀಸ, ತುದಿಗೆ ಚಟ್ಲಿಯ, ಅಂದರೆ ಸಿಗಡಿಯ, ಒಂದು ತುಂಡು. ಉಬ್ಬರ ಮರಳು ದಿಬ್ಬದ ಮೇಲೆ ಏರುವಾಗ ತಳಕ್ಕೆ ಬಿಟ್ಟು ಮೆಲ್ಲಗೆ ಎಳೆಯುತ್ತಿರು. ಟಕಟಕ ಅಂತ ಕುಕ್ಕುತ್ತದೆ. ಜೋರಾಗಿ ಜಗ್ಗಬೇಡ, ಅದರ ಬಾಯಿ ಮೃದು.

ಇನ್ನೊಂದು ಗಟ್ಟಿ ರಾಡು ಕುರುಡಿಗೆ. ಈಗ ಎಲ್ಲರೂ ಬಾರಮುಂಡಿ ಅನ್ನುತ್ತಾರೆ. ಸೇತುವೆ ಕಂಬ, ಬಂಡೆ, ಕಾಂಡ್ಲಾ ಬೇರಿನ ನೆರಳು, ಇವು ಅದರ ಜಾಗ. ನೀರು ತಿರುಗುವ ಹೊತ್ತಿನಲ್ಲಿ, ಸಣ್ಣ ಮೀನು ಚಟ್ಲಿ ಎಲ್ಲ ಕವಲಿನಿಂದ ಹೊಳೆಗೆ ಬರುವಾಗ, ಕವಲಿನ ಬಾಯಲ್ಲಿ ಕಾದು ನಿಂತಿರುತ್ತದೆ. 20 ಪೌಂಡ್ ಎಳೆತ ತಡೆಯುವ ಹೆಣೆದ ಹುರಿಗೆ ತುದಿಯಲ್ಲಿ ಮೂರು ಅಡಿ 40 ಪೌಂಡಿನ ದಪ್ಪ ನೈಲಾನ್ ಕಟ್ಟು. ಕುರುಡಿಯ ಕಿವಿರಿನ ಮುಚ್ಚಳ ಬ್ಲೇಡು, ತೆಳು ಹುರಿ ಒಂದೇ ಉಜ್ಜಿಗೆ ಕತ್ತರಿಸಿಹೋಗುತ್ತದೆ. ನಿನ್ನ ಬೆರಳೂ ಅಷ್ಟೇ. ಆದ್ದರಿಂದ ಇಕ್ಕಳ ಇಲ್ಲದೆ ಮುಟ್ಟಬೇಡ. ಮೀನು ಎಳೆಯುವಾಗ ನಿನ್ನ ತಲೆ ದೋಣಿಯ ಅಂಚು ದಾಟಬಾರದು. ತಲೆ ಹೊರಗೆ ಹೋದರೆ ಮೈಯೂ ಹೋಗುತ್ತದೆ. ಪೂರ್ತಿ ಸುಸ್ತಾಗುವ ತನಕ ಆಡಿಸಿ, ಪಕ್ಕಕ್ಕೆ ತಂದು, ಕೈಬಲೆಯಲ್ಲಿ ಎತ್ತು.

ತೀರಾ ದೊಡ್ಡ ಕುರುಡಿ ಸಿಕ್ಕಿದರೆ ಫೋಟೋ ತೆಗೆದು ಬಿಟ್ಟುಬಿಡು. ಈ ಮೀನು ಸಾಮಾನ್ಯವಾಗಿ ಮೊದಲು ಗಂಡಾಗಿದ್ದು ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ದೊಡ್ಡದನ್ನೆಲ್ಲ ಹಿಡಿದರೆ ಮೊಟ್ಟೆ ಇಡುವುದು ಯಾರು? ತಿನ್ನಲಿಕ್ಕೂ ಒಂದೂವರೆ ಎರಡು ಕಿಲೋದ್ದೇ ರುಚಿ.

ಹೊಟ್ಟೆ ಬಲೂನಿನ ಹಾಗೆ ಉಬ್ಬಿಸುವ ಪಫರ್ ಮೀನು ಬಂದರೆ ತಿನ್ನುವ ಯೋಚನೆಯೇ ಬೇಡ, ವಿಷ. ಮೀಸೆ ಇರುವ ಮುಳ್ಳು ಮೀನು, ಬಾಲದಲ್ಲಿ ಮುಳ್ಳಿರುವ ಚಪ್ಪಟೆ ಮೀನು ತೊರಕೆ, ಇವನ್ನು ದೋಣಿಗೆ ಹತ್ತಿಸದೆ ನೀರಿನಲ್ಲೇ ಹುರಿ ಕತ್ತರಿಸು. ಚುಚ್ಚಿದರೆ ಆ ಜಾಗವನ್ನು ತಡೆಯುವಷ್ಟು ಬಿಸಿ ನೀರಿನಲ್ಲಿ ಮುಳುಗಿಸಿಡು, ನೋವು ಇಳಿಯುತ್ತದೆ. ಆಮೇಲೆ ಡಾಕ್ಟರ ಹತ್ತಿರ ಹೋಗು.

ನೀನು ಆಟಕ್ಕೆ ಬರುತ್ತೀಯ, ಆ ಹೊಳೆಯಲ್ಲಿ ಬೇರೆಯವರ ಊಟ ಇದೆ. ಬೆಂಡು ಸಾಲಾಗಿ ತೇಲುತ್ತಿದ್ದರೆ ಕೆಳಗೆ ಬಲೆ ಇದೆ ಅಂತ ಅರ್ಥ, ಸುತ್ತು ಹಾಕಿ ಹೋಗು. ಪಂಜರದಲ್ಲಿ ಮೀನು ಸಾಕುವವರ ಹತ್ತಿರ ಗಾಳ ಬೀಸಬೇಡ. ಬಲೆ ಬೀಸುವವರು ಸಿಕ್ಕಿದರೆ ನಿಂತು ಮಾತಾಡಿಸು. ಎಲ್ಲಿ ಏನು ಸಿಗುತ್ತದೆ ಅಂತ ಅವರಿಗೆ ಗೊತ್ತಿರುವಷ್ಟು ನಿನ್ನ ಫೋನಿಗೆ ಗೊತ್ತಿಲ್ಲ.

ಹಿಡಿದ ಮೀನನ್ನು ಬಿಸಿಲಿನಲ್ಲಿ ಬಿಟ್ಟರೆ ಇಷ್ಟೆಲ್ಲ ಮಾಡಿದ್ದು ದಂಡ. ಕೂಡಲೇ ತಲೆಗೆ ಹೊಡೆದು, ಕಿವಿರು ಕತ್ತರಿಸಿ ರಕ್ತ ಬಿಡು. ಆಮೇಲೆ ಐಸ್ ಮತ್ತು ಸ್ವಲ್ಪ ಉಪ್ಪುನೀರು ಕಲಸಿದ ಪೆಟ್ಟಿಗೆಗೆ ಹಾಕು. ಬರೀ ಐಸಿಗಿಂತ ಬೇಗ ತಣ್ಣಗಾಗುತ್ತದೆ.

ಕಾಣೆ ಬಂದರೆ ಹುರಿಯುವುದೇ ಸರಿ. ಹುರುಪೆ ತೆಗೆದು, ಹೊಟ್ಟೆ ಶುಚಿ ಮಾಡಿ, ಎರಡೂ ಬದಿ ಸಣ್ಣಗೆ ಗೀರು. ಮೆಣಸಿನ ಪುಡಿ, ಅರಿಶಿನ, ಉಪ್ಪು, ದಪ್ಪ ಹುಣಸೆ ರಸ ಹಚ್ಚಿ ಅರ್ಧ ಗಂಟೆ ಇಡು. ಸಣ್ಣ ರವೆಯಲ್ಲಿ ಹೊರಳಿಸಿ ತೆಂಗಿನೆಣ್ಣೆಯಲ್ಲಿ ಕಾವಲಿ ಮೇಲೆ ಹುರಿ. ಒಂದೇ ಸಲ ಮಗುಚು. ಪದೇ ಪದೇ ಕೆದಕಿದರೆ ರವೆ ಎಲ್ಲ ಕಾವಲಿಗೆ.

ಕುರುಡಿಯ ತಲೆ, ಬಾಲ, ಮುಳ್ಳಿನ ತುಂಡು ಸಾರಿಗೆ. ಬ್ಯಾಡಗಿ ಮೆಣಸು ಹತ್ತು ಹನ್ನೆರಡು, ಕೊತ್ತಂಬರಿ ಬೀಜ ಎರಡು ಚಮಚ, ಮೆಂತೆ ನಾಲ್ಕೇ ಕಾಳು, ಸ್ವಲ್ಪ ಜೀರಿಗೆ, ಕಾಳುಮೆಣಸು. ಇವನ್ನು ಬೇರೆ ಬೇರೆ ಹುರಿ, ಮೆಂತೆ ಕರಟಿದರೆ ಸಾರೆಲ್ಲ ಕಹಿ. ಅರ್ಧ ತೆಂಗಿನಕಾಯಿ, ಬೆಳ್ಳುಳ್ಳಿ, ಅರಿಶಿನ, ಹುಣಸೆಹಣ್ಣು ಸೇರಿಸಿ ಬೆಣ್ಣೆಯಂತೆ ನುಣ್ಣಗೆ ರುಬ್ಬು. ಮಿಕ್ಸಿಯಾದರೆ ಇನ್ನೊಂದು ಸುತ್ತು ಜಾಸ್ತಿ ತಿರುಗಿಸು. ಮಣ್ಣಿನ ಪಾತ್ರೆಯಲ್ಲಿ ಮಸಾಲೆ ಚೆನ್ನಾಗಿ ಕುದಿದ ಮೇಲೆ ಮೀನು ಹಾಕು. ಸೌಟು ಹಾಕಬೇಡ, ಪಾತ್ರೆಯನ್ನೇ ಹಿಡಿದು ಅಲುಗಿಸು. ಏಳೆಂಟು ನಿಮಿಷ ಸಾಕು. ಇಳಿಸಿ ಮುಚ್ಚಿಡು. ರಾತ್ರಿ ಕುಚ್ಚಲಕ್ಕಿ ಅನ್ನಕ್ಕೆ ಅದು ಚೆನ್ನ. ಮರುದಿನ ಬೆಳಿಗ್ಗೆ ದಪ್ಪಗಾದ ಸಾರಿಗೆ ನೀರುದೋಸೆ ಮಾಡಿದರೆ ಇನ್ನೂ ಚೆನ್ನ. ನಿನ್ನ ಅತ್ತೆ ಮಾತ್ರ ಒಪ್ಪುವುದಿಲ್ಲ, ಗಂಜಿಯೇ ಆಗಬೇಕು ಅನ್ನುತ್ತಾಳೆ.

ಹೊರಡುವ ದಿನ ನಾಲ್ಕು ದಿನ ಮೊದಲೇ ತಿಳಿಸು. ಅಷ್ಟಮಿ ಯಾವಾಗ ಬರುತ್ತದೆ ನೋಡಿಟ್ಟಿರುತ್ತೇನೆ, ಐಸಿಗೂ ಹೇಳಿಡಬೇಕು. ನನ್ನ ಅಳತೆಗೂ ಒಂದು ಲೈಫ್ ಜಾಕೆಟ್ ತಾ. ಎದೆ 42 ಇಂಚು.

ಇಂತಿ,
ನಿನ್ನ ಮಾವ