ಸಂಬಳ ಕೈಗೆ ಬರುವವರೆಗೆ ಮನೆ ನಡೆಸುವ ಬಗ್ಗೆ ಅಣ್ಣನಿಗೆ

ಶಾರ್ಜಾ
10-08-2025, ಭಾನುವಾರ

ತೀರ್ಥರೂಪ ಸಮಾನರಾದ ಅಣ್ಣನವರಿಗೆ ನಿಮ್ಮ ತಮ್ಮನು ಮಾಡುವ ನಮಸ್ಕಾರಗಳು. ಅಪ್ಪ, ಅಮ್ಮ ಮತ್ತು ಅತ್ತಿಗೆಯವರಿಗೂ ನನ್ನ ನಮಸ್ಕಾರ ತಿಳಿಸಬೇಕು. ತಂಗಿಗೂ ಮಕ್ಕಳಿಗೂ ಆಶೀರ್ವಾದ. ಉಭಯ ಕುಶಲೋಪರಿ ಸಾಂಪ್ರತ.

ವಾರವಾರವೂ ಫೋನಿನ ಕರೆ ಆ್ಯಪ್ ಬೋಟಿಮ್‌ನಲ್ಲಿ ಮಾತನಾಡುತ್ತಿದ್ದರೂ ಈ ವಿಷಯವನ್ನು ಪತ್ರದಲ್ಲೇ ಬರೆಯಬೇಕೆನಿಸಿತು. ಫೋನಿನಲ್ಲಿ ಹಣದ ಮಾತು ಬಂದ ಕೂಡಲೇ ಅಮ್ಮ ಗಾಬರಿಯಾಗುತ್ತಾರೆ, ಅವರನ್ನು ಸಮಾಧಾನ ಮಾಡುವುದರಲ್ಲೇ ಹೊತ್ತು ಹೋಗಿ ಲೆಕ್ಕ ಅರ್ಧಕ್ಕೇ ನಿಲ್ಲುತ್ತದೆ. ಕೆಲಸಗಾರರು ಉಳಿಯುವ ನಮ್ಮ ಕ್ಯಾಂಪಿನ ಶಿಡ್ಲಘಟ್ಟದ ಹುಡುಗನೊಬ್ಬ ರಜೆಯ ಮೇಲೆ ಊರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಇದನ್ನು ಕಳುಹಿಸುತ್ತಿದ್ದೇನೆ. ನೀವು ನಿಧಾನವಾಗಿ ಓದಿಕೊಂಡು, ಅಪ್ಪನಿಗೂ ಓದಿ ಹೇಳಬೇಕು.

ನನ್ನ ಸಂಬಳ ತಡವಾಗಿರುವುದರಿಂದ ಮನೆಯ ಕಂತುಗಳಿಗಾಗಿ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ 50,000 ರೂಪಾಯಿ ಕೈಸಾಲ ತರುವ ಯೋಚನೆಯಲ್ಲಿದ್ದೇನೆಂದು ನೀವು ಹೇಳಿದಿರಿ. ದಯವಿಟ್ಟು ಆ ಹಣವನ್ನು ತರಬೇಡಿ. ಇಷ್ಟನ್ನು ಹೇಳಲೆಂದೇ ಈ ಪತ್ರ ಬರೆಯುತ್ತಿದ್ದೇನೆ. ಮುಂದೆ ಬರೆದಿರುವುದೆಲ್ಲ ಏಕೆ ತರಬಾರದು, ತರದೆ ಹೇಗೆ ನಡೆಸಬಹುದು ಎಂಬುದರ ವಿವರ.

ಮೊದಲು ಇಲ್ಲಿನ ಸ್ಥಿತಿಯನ್ನು ಇದ್ದಂತೆಯೇ ತಿಳಿಸುತ್ತೇನೆ. ಜೂನ್ ತಿಂಗಳ ಸಂಬಳ ಬಂದಿಲ್ಲ, ಈಗ ಜುಲೈ ತಿಂಗಳದ್ದೂ ಸೇರಿಕೊಂಡಿದೆ. ನಾವು ಎಸಿಯ ಗಾಳಿ ಸಾಗುವ ತಗಡಿನ ಕೊಳವೆ, ಅಂದರೆ ಡಕ್ಟ್ ಕೂರಿಸುತ್ತಿರುವ ಕಟ್ಟಡದ ಮಾಲೀಕರು ಒಬ್ಬರು, ಕಟ್ಟುವ ಮುಖ್ಯ ಗುತ್ತಿಗೆದಾರರು ಇನ್ನೊಬ್ಬರು, ಅವರಿಂದ ಎಸಿ ಕೆಲಸವನ್ನು ಒಳಗುತ್ತಿಗೆಗೆ ಹಿಡಿದವರು ಮತ್ತೊಬ್ಬರು, ಅವರಿಗೆ ಆಳುಗಳನ್ನು ಒದಗಿಸುವುದು ಮಾತ್ರ ನಮ್ಮ ಕಂಪನಿ. ಮೇಲಿನ ಬಿಲ್ ಪಾಸಾಗದೆ ನಮಗೆ ಹಣ ಬಂದಿಲ್ಲ, ಬಂದ ಮೇಲೆ ಕೊಡುತ್ತೇವೆ ಎಂಬುದು ಆಫೀಸಿನವರ ಉತ್ತರ. ಇರಬಹುದು. ಆದರೆ ನನ್ನ ಆಫರ್ ಲೆಟರಿಗೆ ಸಹಿ ಹಾಕಿದ್ದು ನಮ್ಮ ಕಂಪನಿ, ಸಂಬಳ ಕೊಡುವ ಹೊಣೆಯೂ ಅದರದ್ದೇ. ಮೇಲಿನವರಿಂದ ಅವರಿಗೆ ಬರಬೇಕಾದ ಬಾಕಿಯನ್ನು ಕೂಲಿಯವರ ತಲೆಗೆ ಕಟ್ಟುವುದು ನ್ಯಾಯವಲ್ಲ, ಇಲ್ಲಿನ ಕಾನೂನೂ ಅದನ್ನು ಒಪ್ಪುವುದಿಲ್ಲ.

ಈ ಯುಎಇ ದೇಶದಲ್ಲಿ 2009ರಿಂದ ವೇಜ್ ಪ್ರೊಟೆಕ್ಷನ್ ಸಿಸ್ಟಮ್ ಎಂಬ ಸಂಬಳ ರಕ್ಷಣೆಯ ವ್ಯವಸ್ಥೆಯಿದೆ. ಅದರ ಪ್ರಕಾರ ಕಂಪನಿಗಳು ಸಂಬಳವನ್ನು ಬ್ಯಾಂಕ್ ಅಥವಾ ಎಕ್ಸ್‌ಚೇಂಜ್ ಮೂಲಕವೇ ಹಾಕಬೇಕು, ಹಾಕಿದರೋ ಇಲ್ಲವೋ ಎಂಬುದು ಕಾರ್ಮಿಕ ಸಚಿವಾಲಯಕ್ಕೆ ತಾನಾಗಿ ಗೊತ್ತಾಗುತ್ತದೆ. ಗಡುವು ಕಳೆದು 15 ದಿನವಾದರೂ ಹಣ ಜಮಾ ಆಗದಿದ್ದರೆ ಆ ಕಂಪನಿ ಸಂಬಳ ತಡೆದಿದೆ ಎಂದೇ ಲೆಕ್ಕ. ಹಾಗೇ ಮುಂದುವರಿದರೆ ಹೊಸ ಆಳುಗಳನ್ನು ಕರೆಸಲು ಅದಕ್ಕೆ ವರ್ಕ್ ಪರ್ಮಿಟ್ ಸಿಗುವುದಿಲ್ಲ. ಆಳು ಒದಗಿಸಿಯೇ ಬದುಕುವ ಕಂಪನಿಗೆ ಇದು ದೊಡ್ಡ ಪೆಟ್ಟು. ನಮಗೆ ಇರುವ ಮೊದಲ ಬಲ ಇದು.

ಎರಡನೆಯದು, ನಾವು ಸುಮ್ಮನೆ ಕುಳಿತಿಲ್ಲ. ಕ್ಯಾಂಪಿನ ನಾವು ಕೆಲವರು ಸೇರಿ ಸಚಿವಾಲಯದ ಆ್ಯಪ್‌ನಲ್ಲಿ ದೂರು ದಾಖಲಿಸಿದ್ದೇವೆ. ಸಚಿವಾಲಯದವರು ಮೊದಲು ಎರಡೂ ಕಡೆಯವರನ್ನು ಮಾತನಾಡಿಸಿ ರಾಜಿಗೆ ಪ್ರಯತ್ನಿಸುತ್ತಾರೆ, ಅದಕ್ಕೆ 14 ದಿನಗಳ ಅವಧಿಯಿದೆ. ರಾಜಿಯಾಗದಿದ್ದರೆ ಮೊದಲಾದರೆ ಎಲ್ಲವೂ ಕೋರ್ಟಿಗೆ ಹೋಗುತ್ತಿತ್ತಂತೆ. 2024ರಿಂದ 50,000 ದಿರ್ಹಮ್ ಒಳಗಿನ ವ್ಯಾಜ್ಯಗಳನ್ನು ಸಚಿವಾಲಯವೇ ತೀರ್ಮಾನಿಸಬಹುದು, ಆ ತೀರ್ಮಾನಕ್ಕೆ ಕೋರ್ಟಿನ ಆದೇಶದಷ್ಟೇ ಬೆಲೆಯಿದೆ. ನಮ್ಮೆಲ್ಲರ ಬಾಕಿಯೂ ಆ ಮಿತಿಗಿಂತ ಬಹಳ ಕಡಿಮೆ. ದೂರು ಕೊಟ್ಟರೆ ಕೆಲಸದಿಂದ ತೆಗೆದು ಊರಿಗೆ ಕಳುಹಿಸಿಬಿಡುತ್ತಾರೆಂದು ಹೆದರಿ ಹಿಂದೆ ಸರಿದವರೂ ಇದ್ದಾರೆ. ಅವರನ್ನು ನಾನು ದೂರುವುದಿಲ್ಲ, ಒಬ್ಬೊಬ್ಬರ ಮನೆಯ ಕಷ್ಟ ಒಂದೊಂದು ತರಹ.

ಕೆಲಸಕ್ಕೆ ಮಾತ್ರ ಒಂದು ದಿನವೂ ತಪ್ಪಿಸಿಕೊಂಡಿಲ್ಲ. ಸಿಟ್ಟಿನಿಂದ ಸೈಟಿಗೆ ಹೋಗುವುದನ್ನು ನಿಲ್ಲಿಸಿದರೆ ಕೆಲಸ ಬಿಟ್ಟು ಓಡಿಹೋದನೆಂದು ಕಂಪನಿಯೇ ನಮ್ಮ ಮೇಲೆ ದೂರು ಹಾಕಲು ಅವಕಾಶವಾಗುತ್ತದೆ. ಪ್ರತಿದಿನ ಸಂಜೆ ಫೋರ್‌ಮನ್ ಟೈಮ್‌ಶೀಟಿಗೆ ಸಹಿ ಮಾಡುವಾಗ ನಾನು ಪಕ್ಕದಲ್ಲೇ ನಿಂತಿರುತ್ತೇನೆ. ನನ್ನ ಹೆಸರಿನ ಎದುರು ಬರೆದ ಗಂಟೆಗಳನ್ನು, ಓವರ್‌ಟೈಮ್ ಕಾಲಮ್ಮನ್ನು ಬೆರಳಿಟ್ಟು ನೋಡಿಕೊಂಡು, ಸಹಿಯ ಶಾಯಿ ಆರುವ ಮೊದಲೇ ಫೋನಿನಲ್ಲಿ ಫೋಟೊ ತೆಗೆದಿಡುತ್ತೇನೆ. ಡಕ್ಟಿನ ತಗಡಿನ ಎಣ್ಣೆ ಹತ್ತಿ ಅಂಕಿ ಮಾಸಿದ್ದರೆ ಇನ್ನೊಮ್ಮೆ ಬರೆಸಿಕೊಳ್ಳುತ್ತೇನೆ. ಆಫರ್ ಲೆಟರ್, ಹಿಂದಿನ ತಿಂಗಳುಗಳ ಸಂಬಳ ಜಮಾ ಆದ ಮೆಸೇಜುಗಳು, ಎಮಿರೇಟ್ಸ್ ಐಡಿ, ಇವೆಲ್ಲದರ ಪ್ರತಿಯನ್ನು ತಂಗಿಯ ಫೋನಿಗೂ ಕಳುಹಿಸಿದ್ದೇನೆ, ಅಳಿಸದಂತೆ ಅವಳಿಗೆ ಹೇಳಿ. ಪಾಸ್‌ಪೋರ್ಟ್ ನನ್ನ ಹತ್ತಿರವೇ ಇದೆ. ಅದನ್ನು ಕಂಪನಿ ಇಟ್ಟುಕೊಳ್ಳುವುದು ಇಲ್ಲಿ ಕಾನೂನಿಗೆ ವಿರುದ್ಧ, ಆದ್ದರಿಂದ ಅಪ್ಪ ಆ ಬಗ್ಗೆ ಚಿಂತಿಸಬೇಕಾಗಿಲ್ಲ. ಏನಾದರೂ ತೊಂದರೆಯಾದರೆ ನಮ್ಮ ದೇಶದ ಸರ್ಕಾರವೇ ದುಬೈಯಲ್ಲಿ ನಡೆಸುವ ಪ್ರವಾಸಿ ಭಾರತೀಯ ಸಹಾಯ ಕೇಂದ್ರವಿದೆ, ಅಲ್ಲಿಗೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು.

ಆಗಸ್ಟ್ ಕೊನೆಗೆ ಒಂದು ತಿಂಗಳದ್ದನ್ನಾದರೂ ಹಾಕುತ್ತೇವೆಂದು ಆಫೀಸಿನವರು ಹೇಳಿದ್ದಾರೆ. ದುಡಿದ ಹಣ ಮುಳುಗುವುದಿಲ್ಲ ಎಂಬ ನಂಬಿಕೆ ನನಗಿದೆ, ಆದರೆ ಇಂಥ ದಿನವೇ ಬರುತ್ತದೆ ಎಂಬ ನಂಬಿಕೆ ಇಲ್ಲ. ಹೀಗಾಗಿ ಅಣ್ಣ, ನನ್ನ ಸಂಬಳವನ್ನು ಲೆಕ್ಕಕ್ಕೆ ಹಿಡಿದು ಊರಿನಲ್ಲಿ ಯಾರಿಗೂ ದಿನ ಗೊತ್ತುಮಾಡಿ ಮಾತು ಕೊಡಬೇಡಿ. ಹೇಳಿದ ದಿನ ಹಣ ಸೇರದೆ ನಿಮ್ಮ ಮಾತು ಹೋದರೆ ಅದನ್ನು ಮತ್ತೆ ಸಂಪಾದಿಸುವುದು ಕಷ್ಟ. ಬಡ್ಡಿಯ ಹಣ ಬೇಡವೆನ್ನುವುದಕ್ಕೂ ಇದೇ ಕಾರಣ. 50,000ಕ್ಕೆ ನೂರಕ್ಕೆ ಮೂರರಂತೆ ತಿಂಗಳಿಗೆ 1,500, ಆರು ತಿಂಗಳು ಎಳೆದರೆ 9,000 ರೂಪಾಯಿ ಬಡ್ಡಿಯೇ ಆಗುತ್ತದೆ, ಅಸಲು ಹಾಗೇ ಉಳಿದಿರುತ್ತದೆ. ಅದೇ ಹಣವನ್ನು ಬ್ಯಾಂಕಿನಲ್ಲಿ ಒಡವೆ ಅಡವಿಟ್ಟು ವರ್ಷಕ್ಕೆ ನೂರಕ್ಕೆ ಹತ್ತರ ಆಸುಪಾಸಿನಲ್ಲಿ ತಂದರೆ ಆರು ತಿಂಗಳಿಗೆ 2,500ರಷ್ಟು ಬೀಳುತ್ತದೆ. ಅಮ್ಮನ ಸರ ಮನೆಯಿಂದ ಹೊರಗೆ ಹೋಗುವುದು ನನಗೂ ಇಷ್ಟವಿಲ್ಲ. ಆದರೂ ಬೇರೆ ದಾರಿಯೇ ಉಳಿಯದಿದ್ದರೆ ಅದು ಬ್ಯಾಂಕಿನ ಲಾಕರಿನಲ್ಲಿ ಇದ್ದುಬರಲಿ, ಕೈಸಾಲದವರ ಬಾಗಿಲಿಗೆ ಮಾತ್ರ ಹೋಗಬೇಡಿ.

ಈಗ ಮನೆಯ ಕಂತುಗಳ ವಿಷಯ. ಅಮ್ಮ ಹೆಂಗಸರ ಗುಂಪಿನಲ್ಲಿ ತೆಗೆದ ಮೈಕ್ರೋಫೈನಾನ್ಸ್ ಸಾಲದ ವಾರದ ಕಂತು ಯಾವ ಕಾರಣಕ್ಕೂ ನಿಲ್ಲಬಾರದು ಎಂಬುದು ನನ್ನ ಅಭಿಪ್ರಾಯ. ಮೊತ್ತ ದೊಡ್ಡದೆಂದು ಹೀಗೆ ಹೇಳುತ್ತಿಲ್ಲ. ಅಮ್ಮ ಕಟ್ಟದಿದ್ದರೆ ಗುಂಪಿನ ಉಳಿದ ಹೆಂಗಸರು ಕೈಯಿಂದ ಹಾಕಬೇಕಾಗುತ್ತದೆ, ಅವರೆಲ್ಲ ನಮ್ಮ ಬೀದಿಯವರೇ, ನಮ್ಮಂತೆಯೇ ಕಷ್ಟದಲ್ಲಿರುವವರು. ಡೇರಿಯ ಬಟವಾಡೆ ಹದಿನೈದು ದಿನಕ್ಕೊಮ್ಮೆ ತಪ್ಪದೆ ಬರುವುದರಿಂದ ಅದನ್ನು ಪೂರ್ತಿಯಾಗಿ ಆ ಕಂತಿಗೆಂದೇ ಎತ್ತಿಡಿ. ಬೂಸಾ ಹಿಂಡಿಯ ಹಣ ಅದರಲ್ಲೇ ಮುರಿದುಕೊಳ್ಳುತ್ತಾರೆಂಬುದು ಗೊತ್ತು, ಕಡಿಮೆ ಬಿದ್ದದ್ದಕ್ಕೆ ಅಮ್ಮನ ಗೃಹಲಕ್ಷ್ಮಿಯ 2,000 ರೂಪಾಯಿ ಬಂದಾಗ ಸೇರಿಸಿಕೊಳ್ಳಬಹುದು. ಕಂತು ವಸೂಲಿಗೆ ಬರುವವನು ಒಂದು ದಿನ ರಾತ್ರಿಯವರೆಗೂ ಬಾಗಿಲಲ್ಲೇ ಕುಳಿತಿದ್ದನೆಂದು ಅಮ್ಮ ಅತ್ತರು. ಬೆಳಿಗ್ಗೆ 9 ಗಂಟೆಗೆ ಮೊದಲು, ಸಂಜೆ 6 ಗಂಟೆಯ ನಂತರ ಇಂಥ ಸಾಲದವರನ್ನು ವಸೂಲಿಗಾಗಿ ಕಾಡಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ಕಿರುಕುಳ ಕೊಡುವವರ ವಿರುದ್ಧ ನಮ್ಮ ರಾಜ್ಯ ಸರ್ಕಾರವೂ ಈ ವರ್ಷ ಕಾನೂನು ತಂದಿದೆ. ಜಗಳ ಬೇಡ, ಮುಂದಿನ ಸಲ ಅವನು ಹೊತ್ತು ಮೀರಿ ಬಂದರೆ ನೀವೇ ಎದುರು ನಿಂತು ಈ ಮಾತನ್ನು ಸಮಾಧಾನವಾಗಿ ಹೇಳಿ, ನಾಳೆ ಹಗಲಿನಲ್ಲಿ ಬರಲು ತಿಳಿಸಿ.

ಸೊಸೈಟಿಯ ಬೆಳೆಸಾಲವನ್ನೂ ಮರೆಯುವಂತಿಲ್ಲ. ಸಹಕಾರ ಸಂಘದಲ್ಲಿ 5 ಲಕ್ಷದವರೆಗಿನ ಬೆಳೆಸಾಲಕ್ಕೆ ಬಡ್ಡಿಯಿಲ್ಲ ಎಂಬ ಅನುಕೂಲ ಸಿಗುವುದು ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಒಂದು ದಿನ ತಪ್ಪಿದರೂ ಬಡ್ಡಿ ಬಿದ್ದು ನವೀಕರಣಕ್ಕೂ ತೊಡಕಾಗುತ್ತದೆ. ಪಾಸ್‌ಬುಕ್ ತೆಗೆದು ಗಡುವಿನ ತಾರೀಖು ನೋಡಿ. ಈಗ ಮನೆಯಲ್ಲಿರುವ ರೇಷ್ಮೆಹುಳು ಹಣ್ಣಾಗಿ, ಗೂಡು ಬಿಡಿಸಿ, ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕಿದಾಗ ಬರುವ ಹಣವನ್ನು ಅದಕ್ಕೆಂದೇ ಮೀಸಲಿಡಬೇಕು. ಹಣ ಉಳಿಸುವ ನೆಪದಲ್ಲಿ ಈ ಬೆಳೆಗೆ ಮಾತ್ರ ಏನನ್ನೂ ಕಡಿಮೆ ಮಾಡಬೇಡಿ. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಎದ್ದ ಮೇಲೆಯೇ ಹುಳು ಒಟ್ಟು ಸೊಪ್ಪಿನಲ್ಲಿ ಬಹುಪಾಲನ್ನು ತಿನ್ನುವುದು. ಆ ವಾರ ಸೊಪ್ಪು ಸಾಲದೆ ಬಂದರೆ ಗೂಡು ತೆಳ್ಳಗಾಗಿ ಹರಾಜಿನಲ್ಲಿ ರೇಟು ಬೀಳುತ್ತದೆ ಎಂಬುದನ್ನು ನನಗೆ ಹೇಳಿಕೊಟ್ಟವರೇ ನೀವು. ಸೊಪ್ಪು ಕಡಿಮೆ ಬಿದ್ದರೆ ಹಣ ಕೊಟ್ಟಾದರೂ ತನ್ನಿ.

ಸೋದರಮಾವನವರ ಹಣಕ್ಕೆ ಕಾಲಾವಕಾಶ ಕೇಳಬಹುದು. ನನ್ನ ಪ್ರಯಾಣಕ್ಕೆಂದು ಅವರು ಬಡ್ಡಿಯಿಲ್ಲದೆ ಕೊಟ್ಟದ್ದು ಅದು. ಫೋನಿನಲ್ಲಿ ಹೇಳಬೇಡಿ, ನೀವೂ ಅಪ್ಪನೂ ಒಮ್ಮೆ ಅವರ ಮನೆಗೇ ಹೋಗಿ, ಕಂಪನಿಯಿಂದ ಸಂಬಳ ನಿಂತಿರುವುದನ್ನು ಮುಚ್ಚುಮರೆಯಿಲ್ಲದೆ ತಿಳಿಸಿ. ಈ ಪತ್ರವನ್ನು ಅವರಿಗೆ ತೋರಿಸಲೂ ನನ್ನ ಅಭ್ಯಂತರವಿಲ್ಲ. ತಂಗಿಯ ನರ್ಸಿಂಗ್ ಫೀಸಿಗೆ ಕಾಲೇಜಿನಲ್ಲಿ ಎರಡು ಮೂರು ಕಂತು ಮಾಡಿಕೊಡಲು ಅರ್ಜಿ ಬರೆದುಕೊಡಲಿ, ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನದ ಅರ್ಜಿ ತೆರೆದ ಕೂಡಲೇ ಹಾಕಲಿ. ಓದು ನಿಲ್ಲಿಸುವ ಮಾತನ್ನು ಅವಳು ಆಡಿದಳೆಂದು ಅತ್ತಿಗೆ ಹೇಳಿದರು. ಆ ಮಾತು ಮನೆಯಲ್ಲಿ ಇನ್ನೊಮ್ಮೆ ಬರಬಾರದು ಎಂದು ನನ್ನ ಪರವಾಗಿ ಅವಳಿಗೆ ಖಂಡಿತವಾಗಿ ತಿಳಿಸಿ. ಈ ತಿಂಗಳ 27ಕ್ಕೆ ಗಣೇಶನ ಹಬ್ಬ, ಬಟ್ಟೆಬರೆ ಈ ವರ್ಷ ಮಕ್ಕಳಿಗಷ್ಟೇ ಸಾಕು.

ನನ್ನ ಖರ್ಚಿನ ಬಗ್ಗೆ ಅಮ್ಮ ಪದೇಪದೇ ಕೇಳುತ್ತಾರೆ. ರೂಮಿನ ಬಾಡಿಗೆ ಇಲ್ಲ, ಕ್ಯಾಂಪ್ ಕಂಪನಿಯದೇ. ಬಾಗೇಪಲ್ಲಿಯ ಇಬ್ಬರು, ಹಿಂದೂಪುರದ ಒಬ್ಬರು ಮತ್ತು ನಾನು ಒಟ್ಟಿಗೆ ಅಡುಗೆ ಮಾಡಿಕೊಳ್ಳುತ್ತೇವೆ. ಕ್ಯಾಂಪಿನ ಎದುರಿನ ಬಕಾಲದಲ್ಲಿ ಮಲಯಾಳಿ ಅಂಗಡಿಯವರು ಅಕ್ಕಿ, ಬೇಳೆ, ಎಣ್ಣೆಯನ್ನು ಪುಸ್ತಕದಲ್ಲಿ ಬರೆದು ಕೊಡುತ್ತಿದ್ದಾರೆ, ಬೆಳಿಗ್ಗೆಗೆ ಖುಬ್ಬೂಸ್ ರೊಟ್ಟಿ ಮತ್ತು ಪಲ್ಯ, ರಾತ್ರಿಗೆ ಅನ್ನ ಸಾರು. ಹಸಿದು ಮಲಗಿದ ದಿನವಿಲ್ಲ, ಅದನ್ನು ಅಮ್ಮ ನಂಬಬೇಕು. ಫೋನಿನಲ್ಲಿ ಸಾಲ ಕೊಡುತ್ತೇವೆಂದು ದಿನಕ್ಕೆ ಎಷ್ಟೋ ಮೆಸೇಜುಗಳು ಬರುತ್ತವೆ, ಒಂದಕ್ಕೂ ನಾನು ಕೈ ಹಾಕಿಲ್ಲ. ಇಲ್ಲಿ ಸಾಲ ಮಾಡಿ ಕಟ್ಟದೆ ಉಳಿದರೆ ದೇಶ ಬಿಡದಂತೆ ಪ್ರಯಾಣ ನಿಷೇಧ ಬೀಳಬಹುದು. ಆಗ ಊರಿಗೂ ಬರಲಾಗದೆ, ಇಲ್ಲಿಯೂ ಇರಲಾಗದೆ ಸಿಕ್ಕಿಹಾಕಿಕೊಳ್ಳಬೇಕಾಗುತ್ತದೆ.

ಎಲ್ಲ ಬಿಟ್ಟು ಬಂದುಬಿಡು ಎಂದು ಅಪ್ಪ ಹೇಳಿದ್ದರ ಬಗ್ಗೆಯೂ ಯೋಚಿಸಿದೆ. ಬಾಕಿ ಇತ್ಯರ್ಥವಾಗುವ ಮೊದಲು ವಿಮಾನ ಹತ್ತಿದರೆ ಊರಿನಿಂದ ಆ ಹಣವನ್ನು ವಸೂಲು ಮಾಡುವುದು ಬಹಳ ಕಷ್ಟ. ಒಂದು ವರ್ಷ ಪೂರೈಸಿರುವುದರಿಂದ ವರ್ಷಕ್ಕೆ 21 ದಿನಗಳ ಮೂಲವೇತನದಂತೆ ಗ್ರಾಚ್ಯುಟಿಯೂ ನನಗೆ ಸೇರಬೇಕು, ಅದನ್ನೂ ಬಿಟ್ಟು ಬರುವುದಿಲ್ಲ. ದೂರು ತೀರ್ಮಾನವಾದ ಮೇಲೆ ಬೇರೆ ಕಂಪನಿಗೆ ಸೇರಲು ಸಚಿವಾಲಯದ ಮೂಲಕವೇ ದಾರಿಯಿದೆ. ಆಳು ಒದಗಿಸುವ ಕಂಪನಿಗೆ ಇನ್ನು ಸೇರುವುದಿಲ್ಲ, ನೇರವಾಗಿ ಕೆಲಸ ಹಿಡಿದು ಮಾಡಿಸುವ ಕಡೆಗೇ ಹೋಗಬೇಕೆಂದಿದ್ದೇನೆ.

ಇಲ್ಲಿಗೆ ಬರಬೇಕೆಂದಿರುವ ಪಕ್ಕದ ಮನೆಯ ಹುಡುಗನಿಗೆ ಸ್ವಲ್ಪ ತಾಳಲು ಹೇಳಿ. ಏಜೆಂಟಿನ ಹೆಸರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ಇದೆಯೇ ಎಂದು ಮೊದಲು ನೋಡಬೇಕು. ನೋಂದಾಯಿತ ಏಜೆಂಟ್ ಸೇವಾಶುಲ್ಕವೆಂದು 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಹೆಚ್ಚು ಕೇಳುವಂತಿಲ್ಲ. ಮೂಲವೇತನ ಎಷ್ಟು, ಸಂಬಳ ಕೊಡುವ ಕಂಪನಿ ಯಾವುದು, ಕೆಲಸ ಮಾಡಿಸುವವರು ಯಾರು ಎಂಬ ಮೂರನ್ನೂ ಕಾಗದದಲ್ಲಿ ನೋಡಿದ ಮೇಲೆಯೇ ಅವನು ಹಣ ಕಟ್ಟಲಿ.

ಸೊಸೈಟಿ ಪಾಸ್‌ಬುಕ್ಕಿನ ಪುಟ, ಅಮ್ಮನ ಗುಂಪಿನ ಕಂತಿನ ಕಾರ್ಡು, ಕಾಲೇಜಿನ ಫೀಸಿನ ಚೀಟಿ, ಈ ಮೂರರ ಫೋಟೊವನ್ನು ತಂಗಿಯ ಕೈಯಲ್ಲಿ ನನಗೆ ಕಳುಹಿಸಿಕೊಡಿ. ಮುಂದಿನ ಭಾನುವಾರ ಅವನ್ನು ಎದುರಿಗಿಟ್ಟುಕೊಂಡು ನೀವೂ ನಾನೂ ಮಾತ್ರ ಮಾತನಾಡೋಣ. ಸಚಿವಾಲಯದಿಂದ ಏನೇ ಸುದ್ದಿ ಬಂದರೂ, ಒಳ್ಳೆಯದಿರಲಿ ಕೆಟ್ಟದ್ದಿರಲಿ, ಅದೇ ದಿನ ನಿಮಗೆ ತಿಳಿಸುತ್ತೇನೆ.

ಇಂತಿ ನಿಮ್ಮ ವಿಧೇಯ ತಮ್ಮ